ಉಪ್ಪಿನ ಲೆಕ್ಕ ಹಿಡಿದು ಬಾಳುವ ಹುಳಗಳು: ಅಘನಾಶಿನಿ ಅಳಿವೆಯಲ್ಲಿ ಒಂದು ವರ್ಷ

ನಮ್ಮ ಕರಾವಳಿಯ ಕಡಲ ಹುಳಗಳ ಬಗ್ಗೆ ಹಳೆಯ ವರದಿಗಳನ್ನು ಓದುತ್ತಾ ಹೋದಾಗ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಎಷ್ಟೋ ಕೋಷ್ಟಕಗಳಲ್ಲಿ ಜೂನ್, ಜುಲೈ, ಆಗಸ್ಟ್ ತಿಂಗಳ ಮನೆಗಳು ಖಾಲಿ. ಕಾರಣ ಊಹಿಸುವುದು ಕಷ್ಟವಲ್ಲ. ಆ ಮಳೆಯಲ್ಲಿ, ಆ ಗಾಳಿಯಲ್ಲಿ, ತುಂಬಿ ಹರಿಯುವ ಹೊಳೆಗೆ ಯಾರು ದೋಣಿ ಇಳಿಸುತ್ತಾರೆ? ಆದರೆ ಹುಳಗಳು ಯಾವಾಗ ಮೊಟ್ಟೆ ಇಡುತ್ತವೆ, ಯಾಕೆ ಆಗಲೇ ಇಡುತ್ತವೆ ಅಂತ ತಿಳಿಯಬೇಕಾದರೆ ಆ ಮೂರು ತಿಂಗಳೇ ಮುಖ್ಯ ಅಂತ ನನಗೆ ಅನಿಸುತ್ತಿತ್ತು. ಸಂಶೋಧನೆಗೆ ಸೇರಿದಾಗ ನನ್ನ ಗೈಡ್ ಹತ್ತಿರ ಕೇಳಿದ್ದು ಒಂದೇ: ಮಳೆಗಾಲದಲ್ಲೂ ಸ್ಯಾಂಪಲ್ ತೆಗೆಯೋಕೆ ಬಿಡಿ ಸರ್. ಅವರು ಒಪ್ಪಿದರು. ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಬಾರದು, ಅಂಬಿಗರು ಬೇಡ ಅಂದ ದಿನ ಹೊಳೆಗೆ ಇಳಿಯಬಾರದು ಅಂತ ಷರತ್ತು ಹಾಕಿದರು.

ಹುಳ ಅಂದರೆ ಇಲ್ಲಿ ಪಾಲಿಕೀಟ್‌ಗಳು. ಹೊಲದ ಎರೆಹುಳದ ದೂರದ ನೆಂಟರು. ಮೈ ತುಂಬಾ ಉಂಗುರಗಳು, ಹೆಚ್ಚಿನವಕ್ಕೆ ಪ್ರತಿ ಉಂಗುರದ ಎರಡೂ ಬದಿಗೆ ಪುಟ್ಟ ಕಾಲಿನಂಥ ಹಾಳೆ, ಅದರಲ್ಲಿ ಬಿರುಗೂದಲು. ಜಗತ್ತಿನಲ್ಲಿ 10 ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಕೆಲವು ಕೆಸರಲ್ಲಿ ಬಿಲ ತೋಡುತ್ತವೆ. ಕೆಲವು ಹೊಯಿಗೆ (ಮರಳು), ಚಿಪ್ಪಿನ ಚೂರು ಅಂಟಿಸಿ ಕೊಳವೆ ಕಟ್ಟಿಕೊಂಡು ಅದರೊಳಗೇ ಬದುಕುತ್ತವೆ. ಕಾಣೆ ಮೀನು, ಏಡಿ, ಶೆಟ್ಲಿ (ಸೀಗಡಿ), ಚಳಿಗಾಲಕ್ಕೆ ದೂರದಿಂದ ಬರುವ ಉದ್ದ ಕೊಕ್ಕಿನ ಹಕ್ಕಿಗಳು ಎಲ್ಲವಕ್ಕೂ ಈ ಹುಳ ಊಟ. ಕೆಸರನ್ನು ತಿರುವಿ ಗಾಳಿಯಾಡಿಸುವ ಕೆಲಸವೂ ಇವುಗಳದ್ದೇ. ಇಷ್ಟೆಲ್ಲ ಮಾಡುವ ಜೀವಿಯ ಹೆರಿಗೆ ಕಾಲ ನಮಗೆ ಗೊತ್ತಿರಬೇಕು, ಅಲ್ವಾ?

ಜಾಗಕ್ಕೆ ಅಘನಾಶಿನಿಯನ್ನೇ ಆರಿಸಿಕೊಂಡಿದ್ದಕ್ಕೆ ಗಟ್ಟಿ ಕಾರಣ ಇತ್ತು. ಶಿರಸಿ ಕಡೆ ಹುಟ್ಟಿ, ಊಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಉತ್ತರಕ್ಕೆ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟುಗಳಿವೆ. ದಕ್ಷಿಣಕ್ಕೆ ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ವಿದ್ಯುತ್ ತಯಾರಿಸಿದ ಮೇಲೆ ಬಿಡುವ ಸಿಹಿನೀರು ಬೇಸಿಗೆಯಲ್ಲೂ ಹೊಳೆ ಸಮುದ್ರ ಸೇರುವ ಆ ಅಳಿವೆಗಳಿಗೆ ಹರಿಯುತ್ತದೆ. ಅಘನಾಶಿನಿಯಲ್ಲಿ ಹಾಗಿಲ್ಲ. ಮಳೆ ಬಂದಾಗ ಸಿಹಿನೀರು, ಮಳೆ ಹೋದ ಮೇಲೆ ಉಪ್ಪುನೀರು. ಮೇ ತಿಂಗಳಲ್ಲಿ ಅಳಿವೆ ಬಾಯಿಯ ನೀರು ಲೀಟರಿಗೆ 30 ಗ್ರಾಂ ಉಪ್ಪು ದಾಟುತ್ತದೆ. ಜುಲೈಯಲ್ಲಿ ಅದೇ ಜಾಗದ ಮೇಲ್ನೀರು ಸೊನ್ನೆಯ ಹತ್ತಿರ ಬರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಇದು, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಮಳೆಯ ಪ್ರಭಾವವನ್ನು ಬೇರೆ ಯಾವುದರ ಜೊತೆಗೂ ಬೆರೆಸದೆ ನೋಡಬೇಕಾದರೆ ಇಂಥ ಹೊಳೆಯೇ ಬೇಕು. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ಮೂರು ಜಾಗ ಗುರುತು ಮಾಡಿಕೊಂಡೆವು. ಒಂದು ಸಮುದ್ರಕ್ಕೆ ಹತ್ತಿರ, ತದಡಿ ಕಡೆ. ಇನ್ನೊಂದು ನಡುವೆ, ಮಾಸೂರು-ಕುರ್ವೆ ನಡುಗಡ್ಡೆಗಳ ಅಂಚಿನ ಕೆಸರು ಬಯಲು. ಮೂರನೆಯದು ಮೇಲೆ, ದೀವಗಿ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಳಗೆ. ತಿಂಗಳಿಗೊಮ್ಮೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸು ಹೋಗಬೇಕು. ಆಗಲೇ ನೀರು ಪೂರ್ತಿ ಇಳಿದು ಕೆಸರು ಬಯಲು ತೆರೆದುಕೊಳ್ಳುವುದು. ನಮ್ಮ ಕಡೆ ಆ ದಿನಗಳಲ್ಲಿ ದೊಡ್ಡ ಇಳಿತ ಬೆಳಗ್ಗೆ ಬೇಗ ಅಥವಾ ಸಂಜೆ ಬರುತ್ತದೆ. ಕೆಲಸಕ್ಕೆ ಸಿಗುವ ಹೊತ್ತು ಕಡಿಮೆ. ನೀರು ಏರುವ ಭರತ ಶುರುವಾದರೆ ಕಾಲಡಿಯ ಕೆಸರು ಮೊದಲು ಮೆತ್ತಗಾಗುತ್ತದೆ, ನೀರು ಆಮೇಲೆ ಕಾಣುತ್ತದೆ.

ಅಗೆಯುವ ಕೆಲಸ ನೋಡೋಕೆ ಸುಲಭ. 25 ಸೆಂಟಿಮೀಟರ್ ಉದ್ದಗಲದ ಕಬ್ಬಿಣದ ಚೌಕಟ್ಟನ್ನು ಕೆಸರಿಗೆ ಒತ್ತಿ, ಒಳಗಿನ ಮಣ್ಣನ್ನು ಗೇಣುದ್ದ ಆಳಕ್ಕೆ ತೋಡಿ ಬಕೆಟ್ಟಿಗೆ ಹಾಕುವುದು. ಹೊಳೆಯ ನೀರಲ್ಲೇ ಜರಡಿ ಹಿಡಿದು ತೊಳೆಯುವುದು. ನಾವು ಎರಡು ಜರಡಿ ಇಟ್ಟುಕೊಂಡಿದ್ದೆವು. ಮೇಲಿನದರ ಕಣ್ಣು ಅರ್ಧ ಮಿಲಿಮೀಟರ್, ಕೆಳಗಿನದು ಕಾಲು ಮಿಲಿಮೀಟರ್. ಕೆಳಗಿನ ಜರಡಿ ಮರಿಗಳಿಗಾಗಿ. ಅರ್ಧ ಮಿಲಿಮೀಟರ್ ಜರಡಿ ಒಂದನ್ನೇ ನಂಬಿದರೆ ಆಗಷ್ಟೇ ಕೆಸರಿಗೆ ಇಳಿದ ಮರಿಗಳು ಸೋರಿ ಹೋಗುತ್ತವೆ, ಹುಳ ಮರಿ ಹಾಕಿದ್ದು ಒಂದೆರಡು ತಿಂಗಳು ತಡವಾಗಿ ಲೆಕ್ಕಕ್ಕೆ ಬರುತ್ತದೆ. ಕಣ್ಣು ಚಿಕ್ಕದಾದಷ್ಟೂ ಜರಡಿ ಬೇಗ ಕಟ್ಟುತ್ತದೆ. ಕೈ ಸೋಲುತ್ತದೆ. ಆದರೂ ಅದನ್ನು ಬಿಡುವ ಹಾಗಿಲ್ಲ.

ನಮ್ಮ ಪಕ್ಕದಲ್ಲೇ ಹೆಂಗಸರು ಬೆಳಚು (ತಿನ್ನುವ ಚಿಪ್ಪುಜೀವಿ) ಆರಿಸುತ್ತಿದ್ದರು. ಸೊಂಟದವರೆಗೆ ನೀರಲ್ಲಿ ನಿಂತು, ಕಾಲಲ್ಲಿ ತಡಕಿ, ಬುಟ್ಟಿ ತುಂಬಿಸುವ ಅವರ ಕೆಲಸದ ಮುಂದೆ ನಮ್ಮದು ಏನೂ ಅಲ್ಲ. ಮೊದಲ ಸಲ ನೋಡಿದಾಗ ಒಬ್ಬರು ಕೇಳಿದರು: "ಎಂತ ಹುಡುಕ್ತೆ ತಂಗಿ?" ಹುಳ ಅಂದೆ. "ಗಾಳಕ್ಕಾ?" ಅಲ್ಲ ಅಕ್ಕ, ಯಾವಾಗ ಮೊಟ್ಟೆ ಇಡ್ತದೆ ಅಂತ ನೋಡೋಕೆ ಅಂದೆ. ಅವರು ನಗಲಿಲ್ಲ. ದಪ್ಪ ಹುಳ ಯಾವ ಕಡೆ ಇರುತ್ತದೆ, ಯಾವ ಕಡೆ ಬರೀ ಹೊಯಿಗೆ ಅಂತ ಕೈ ಮಾಡಿ ತೋರಿಸಿದರು. ಚಳಿ ಮುಗಿಯೋ ಹೊತ್ತಿಗೆ ಗಾಳ ಹಾಕುವವರಿಗೆ ಒಳ್ಳೆ ದಪ್ಪ ಹುಳ ಸಿಗುತ್ತದೆ, ಮಳೆ ಹಿಡಿಯೋ ಮುಂಚೆ ಸಣ್ಣದೇ ಜಾಸ್ತಿ ಅಂತಲೂ ಅಂದರು. ಅವರ ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ವರ್ಷದ ಕೊನೆಗೆ ನನ್ನ ಅಳತೆಗಳು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ನಾನು ಜಾಸ್ತಿ ಗಮನ ಕೊಟ್ಟಿದ್ದು ನೀರಿಡ್ ಕುಟುಂಬದ ಒಂದು ಹುಳಕ್ಕೆ. ಕುಲ ಪೆರಿನೇರಿಸ್. ಇದರ ಗುರುತು ಸಿಗುವುದು ಬಾಯಲ್ಲಿ. ಗಂಟಲನ್ನು ಹೊರಕ್ಕೆ ಮಗುಚಿಸಿದಾಗ ಎರಡು ಕಪ್ಪು ದವಡೆ, ಸುತ್ತ ಗುಂಪು ಗುಂಪಾಗಿ ಚುಕ್ಕಿ ಹಲ್ಲುಗಳು, ಒಂದು ಜಾಗದಲ್ಲಿ ಮಾತ್ರ ಅಡ್ಡ ಪಟ್ಟಿಯಂಥ ಹಲ್ಲು ಕಾಣುತ್ತದೆ. ಕುಲ ಹಿಡಿಯೋಕೆ ಇಷ್ಟು ಸಾಕು. ಜಾತಿ ಹೆಸರು ಹೇಳೋಕೆ ಮುಂಚೆ ಎಚ್ಚರ ಬೇಕು, ಯೂರೋಪಿನ ಹುಳಕ್ಕೆ ಕೊಟ್ಟ ಹೆಸರನ್ನು ಹಾಗೇ ತಂದು ನಮ್ಮ ಹುಳಕ್ಕೆ ಅಂಟಿಸುವ ಅಭ್ಯಾಸ ಮೊದಲು ಬಹಳ ಇತ್ತು.

ಲ್ಯಾಬಿಗೆ ತಂದ ಮೇಲೆ ನಿಜವಾದ ತಾಳ್ಮೆಯ ಕೆಲಸ. ಹುಳವನ್ನು ನೇರ ಫಾರ್ಮಲಿನ್‌ಗೆ ಹಾಕಿದರೆ ಅದು ಸುರುಟಿ ತುಂಡಾಗುತ್ತದೆ. ಅದಕ್ಕೆ ಮೊದಲು ಮೆಗ್ನೀಸಿಯಂ ಕ್ಲೋರೈಡ್ ನೀರಲ್ಲಿ ಇಡುತ್ತೇವೆ, ಲೀಟರಿಗೆ ಸುಮಾರು 75 ಗ್ರಾಂ. ಸ್ವಲ್ಪ ಹೊತ್ತಿಗೆ ಮೈ ಸಡಿಲವಾಗಿ ಉದ್ದಕ್ಕೆ ಮಲಗುತ್ತದೆ. ಆಮೇಲೆ ಅಳತೆ. ಉದ್ದ ಅಳೆದು ಪ್ರಯೋಜನ ಇಲ್ಲ, ಅಗೆಯುವಾಗಲೇ ಎಷ್ಟೋ ಹುಳಗಳ ಬಾಲ ಹರಿದಿರುತ್ತದೆ. ಅದಕ್ಕೇ ತಲೆಯಿಂದ ಹತ್ತನೇ ಉಂಗುರದ ಅಗಲ ಅಳೆಯುವುದು.

ಗಂಡೋ ಹೆಣ್ಣೋ ಹೊರಗಿಂದ ತಿಳಿಯುವುದು ಕೊನೆಯ ಹಂತದಲ್ಲಿ ಮಾತ್ರ. ಉಳಿದ ಕಾಲದಲ್ಲಿ ಸಿರಿಂಜಿನ ಸೂಜಿಯನ್ನು ಮೈಯ ಪಕ್ಕಕ್ಕೆ ಚುಚ್ಚಿ, ಒಳಗಿನ ದ್ರವದ ಒಂದು ಹನಿ ಎಳೆದು ಗಾಜಿನ ಮೇಲೆ ಬಿಡಬೇಕು. ನೀರಿಡ್ ಹುಳಗಳಲ್ಲಿ ಮೊಟ್ಟೆಗಳು ಬೆಳೆಯುವುದು ಆ ದ್ರವದಲ್ಲೇ ತೇಲುತ್ತಾ. ಮೈಕ್ರೋಸ್ಕೋಪಿನಲ್ಲಿ ಮೊಟ್ಟ ಮೊದಲು ಬಲಿತ ಮೊಟ್ಟೆಗಳನ್ನು ನೋಡಿದ್ದು ನನಗೆ ಇವತ್ತಿಗೂ ನೆನಪಿದೆ. ನೆನೆಸಿದ ಸಾಬುದಾನಿಯ ಹಾಗೆ ದುಂಡಗೆ, ಅಂಚು ಪಾರದರ್ಶಕ, ಒಳಗೆ ಎಣ್ಣೆ ಹನಿಗಳ ಸುತ್ತು. ಎಳೆಯ ಮೊಟ್ಟೆಗಳು 50 ಮೈಕ್ರಾನ್‌ಗಿಂತ ಸಣ್ಣವು (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್), ಗುಂಪಾಗಿ ಅಂಟಿಕೊಂಡಿರುತ್ತವೆ. ಬಲಿತವು 150 ಮೈಕ್ರಾನ್ ದಾಟುತ್ತವೆ. ಪ್ರತಿ ಹೆಣ್ಣಿನಲ್ಲೂ 50 ಮೊಟ್ಟೆ ಅಳೆಯುವ ಪದ್ಧತಿ ಇಟ್ಟುಕೊಂಡೆವು.

ಒಂದು ಹೆಣ್ಣಿನೊಳಗಿನ ಮೊಟ್ಟೆಗಳೆಲ್ಲ ಸುಮಾರಾಗಿ ಒಂದೇ ಅಳತೆ. ಚಿಕ್ಕದು, ಮಧ್ಯಮ, ದೊಡ್ಡದು ಅಂತ ಬೆರಕೆ ಇಲ್ಲ. ಇದರಲ್ಲೇ ಈ ಹುಳದ ಬದುಕಿನ ಗುಟ್ಟು ಇದೆ. ನೀರಿಡ್‌ಗಳು ಜೀವನದಲ್ಲಿ ಒಂದೇ ಸಲ ಸಂತಾನ ಮಾಡುತ್ತವೆ, ಆಮೇಲೆ ಸಾಯುತ್ತವೆ. ಹಾಗಾಗಿ ಎಲ್ಲ ಮೊಟ್ಟೆಯೂ ಒಟ್ಟಿಗೆ ಬಲಿಯಬೇಕು. ಅದಕ್ಕೆ ಅಡ್ಡ ಹಿಡಿದು, ಸಮಯ ಬಂದಾಗ ಬಿಡುವುದು ತಲೆಯಲ್ಲಿರುವ ಮಿದುಳು. ಮಿದುಳು ತೆಗೆದರೆ ಎಳೆಯ ಹುಳವೂ ಬೇಗ ಬಲಿಯುತ್ತದೆ ಅಂತ ಫ್ರಾನ್ಸಿನ ಮಾರಿಸ್ ಡ್ಯುರ್ಶೋನ್, ಜರ್ಮನಿಯ ಕಾರ್ಲ್ ಹೌಯೆನ್‌ಷಿಲ್ಡ್ ಅವರ ಕಾಲದಲ್ಲೇ ಗೊತ್ತಾಗಿತ್ತು. ಆ ತಡೆಯುವ ರಸ ಯಾವುದು ಅಂತ ಪತ್ತೆಯಾಗಿದ್ದು ಮಾತ್ರ 2016ರಲ್ಲಿ, ಪ್ಲಾಟಿನೇರಿಸ್ ಎಂಬ ಹುಳದಲ್ಲಿ. ಮೀಥೈಲ್ ಫಾರ್ನೆಸೊಯೇಟ್ ಅದರ ಹೆಸರು. ಏಡಿ, ಸೀಗಡಿಗಳ ಮೈಯಲ್ಲೂ ಇದೇ ರಸ ಕೆಲಸ ಮಾಡುತ್ತದೆ.

ಸಂತಾನ ಮಾಡಿ ಸಾಯುವ ಹುಳದಲ್ಲಿ ಹೆತ್ತ ಹೆಣ್ಣು ಕೈಗೆ ಸಿಗುವುದು ಅಪರೂಪ. ಹಾಗಾದರೆ ಹೆರಿಗೆ ಮುಗಿಯಿತು ಅಂತ ಗೊತ್ತಾಗುವುದು ಹೇಗೆ? ದೊಡ್ಡ ಹುಳಗಳು ಜರಡಿಯಲ್ಲಿ ಕಾಣೆಯಾಗುತ್ತವೆ. ಅದೇ ಸುಳಿವು. ಆಮೇಲೆ ಕೆಳಗಿನ ಜರಡಿಯಲ್ಲಿ ಮರಿ ಕಾಣುತ್ತದೆ. ಮೊಟ್ಟೆಯ ಅಳತೆ, ದೊಡ್ಡ ಹುಳಗಳ ಗೈರುಹಾಜರಿ, ಮರಿಗಳ ಹಾಜರಿ ಈ ಮೂರೂ ಒಂದೇ ದಿಕ್ಕಿಗೆ ಕೈ ತೋರಿಸಿದಾಗ ಮಾತ್ರ ನಾವು ಒಂದು ತಿಂಗಳನ್ನು ಸಂತಾನದ ತಿಂಗಳು ಅಂತ ಬರೆಯುತ್ತಿದ್ದೆವು.

ಅಕ್ಟೋಬರಿನಲ್ಲಿ ಕೆಲಸ ಶುರುವಾದಾಗ ಸಿಕ್ಕಿದ್ದೆಲ್ಲ ಸಪೂರ ಹುಳಗಳು. ಎಳೆದ ದ್ರವದಲ್ಲಿ ಮೊಟ್ಟೆ ಇಲ್ಲ, ವೀರ್ಯವೂ ಇಲ್ಲ. ನವೆಂಬರ್, ಡಿಸೆಂಬರಿನಲ್ಲಿ ಎಳೆಯ ಮೊಟ್ಟೆಗಳ ಗುಂಪು ಕಾಣತೊಡಗಿತು. ಹೊಳೆಯ ನೀರು ವಾರ ವಾರಕ್ಕೂ ಉಪ್ಪಾಗುತ್ತಿತ್ತು. ಜನವರಿ ಕೊನೆಯಿಂದ ಹುಳಗಳ ಬಣ್ಣವೇ ಬೇರೆ. ಹೆಣ್ಣುಗಳ ಮೈ ಹಸಿರು ತಿರುಗಿತ್ತು, ಗಂಡುಗಳಲ್ಲಿ ಹಾಲು ಬಿಳಿ. ಫೆಬ್ರವರಿ, ಮಾರ್ಚಿನಲ್ಲಿ ಮೊಟ್ಟೆ ಅತಿ ದೊಡ್ಡದು. ಏಪ್ರಿಲ್ ಹೊತ್ತಿಗೆ ದಪ್ಪ ಹುಳಗಳು ಒಂದೊಂದಾಗಿ ಇಲ್ಲವಾದವು. ಕಾಲು ಮಿಲಿಮೀಟರ್ ಜರಡಿಯಲ್ಲಿ ಕಣ್ಣಿಗೆ ಕಷ್ಟಪಟ್ಟು ಕಾಣುವ ಮರಿಗಳು ಬಂದವು. ಮೇಯಲ್ಲಿ ನೀರು ಅತಿ ಉಪ್ಪು, ಕೆಸರಲ್ಲಿ ಮರಿಗಳೇ ಮರಿಗಳು.

ಇದು ಒಂದೇ ಹುಳದ ಕತೆ ಅಂತ ಮರೆಯಬಾರದು. ಅದೇ ಬಕೆಟ್ಟಿನ ಕೆಸರಲ್ಲಿ ಕ್ಯಾಪಿಟೆಲ್ಲಾ ಗುಂಪಿನ ದಾರದಷ್ಟು ತೆಳ್ಳಗಿನ ಕೆಂಪು ಹುಳಗಳಿದ್ದವು. ಅವು ಕೊಳವೆಯೊಳಗೇ ಮೊಟ್ಟೆ ಇಟ್ಟು ಕಾಯುತ್ತವೆ. ವಾರಗಳಲ್ಲೇ ಒಂದು ತಲೆಮಾರು ಮುಗಿಸಿ ಇನ್ನೊಂದು ಶುರು ಮಾಡುತ್ತವೆ. ಮಳೆಯ ಗದ್ದಲದ ತಿಂಗಳು ಬಿಟ್ಟರೆ ಉಳಿದ ಹೆಚ್ಚಿನ ತಿಂಗಳು ಮೊಟ್ಟೆ ಹೊತ್ತ ಹೆಣ್ಣು ಸಿಕ್ಕಿತು. ಒಂದೇ ಕೆಸರು, ಒಂದೇ ಉಪ್ಪು, ಎರಡು ಬಗೆಯ ಬದುಕು.

ಈ ವ್ಯತ್ಯಾಸವನ್ನು ನಮ್ಮ ದೇಶದಲ್ಲಿ ಬಹಳ ಮೊದಲೇ ಗಮನಿಸಿದ್ದಾರೆ. ಅದಕ್ಕೂ ಮುಂಚೆ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಕೆಲಸ ಮಾಡುತ್ತಿದ್ದ ಜೆ. ಎಚ್. ಓರ್ಟನ್ 1920ರಲ್ಲಿ ಕಡಲ ಜೀವಿಗಳ ಸಂತಾನಕ್ಕೂ ನೀರಿನ ಬಿಸಿಗೂ ಇರುವ ನಂಟಿನ ಬಗ್ಗೆ ಬರೆದರು. ಬಿಸಿ ಹೆಚ್ಚು ಬದಲಾಗದ ಕಡೆ ವರ್ಷವಿಡೀ ಸಂತಾನ ನಡೆಯಬಹುದು ಎಂಬುದು ಆ ಲೆಕ್ಕದ ಸಾರ. ಮದರಾಸಿನಲ್ಲಿ ಆರ್. ಗೋಪಾಲ ಅಯ್ಯರ್ 1931ರಲ್ಲಿ ಅಡ್ಯಾರ್ ಹಿನ್ನೀರಿನ ಮಾರ್ಫೈಸಾ ಹುಳ ಲೋಳೆಯ ಚೀಲದಲ್ಲಿ ಮೊಟ್ಟೆ ಇಡುವುದನ್ನು ವಿವರವಾಗಿ ಬರೆದರು. 1939ರಲ್ಲಿ ಎನ್. ಕೆ. ಪಣಿಕ್ಕರ್ ಮತ್ತು ಅಯ್ಯರ್ ಸೇರಿ ಮದರಾಸಿನ ಹಿನ್ನೀರಿನ ಪ್ರಾಣಿಗಳ ಸಂತಾನ ಕಾಲದ ಬಗ್ಗೆ ಬರೆದರು. ಕೆಲವು ಪ್ರಾಣಿಗಳು ಎಡೆಬಿಡದೆ, ಇನ್ನು ಕೆಲವು ಕಾಲ ನೋಡಿ ಸಂತಾನ ಮಾಡುತ್ತವೆ, ಹಿನ್ನೀರಲ್ಲಿ ಉಪ್ಪಿನ ಏರಿಳಿತಕ್ಕೆ ಅದರಲ್ಲಿ ದೊಡ್ಡ ಪಾತ್ರ ಇದೆ ಅಂತ ಅವರಿಗೆ ಕಂಡಿತ್ತು. ಅಲ್ಲಿ ಮಳೆ ಜಾಸ್ತಿ ಬೀಳುವುದು ಅಕ್ಟೋಬರಿನಿಂದ ಡಿಸೆಂಬರ್. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್. ಅಂದರೆ ಅಡ್ಯಾರ್ ನೀರು ಸಿಹಿಯಾಗುವ ತಿಂಗಳುಗಳಲ್ಲೇ ಅಘನಾಶಿನಿ ನೀರು ಉಪ್ಪಾಗುತ್ತಿರುತ್ತದೆ. ಮದರಾಸಿನ ಹುಳದ ಕ್ಯಾಲೆಂಡರ್ ತಂದು ಕುಮಟೆಯ ಗೋಡೆಗೆ ಹಾಕುವ ಹಾಗಿಲ್ಲ. ಪ್ರತಿ ಕರಾವಳಿಯಲ್ಲೂ ಯಾರಾದರೂ ಕೆಸರಿಗೆ ಇಳಿಯಲೇಬೇಕು.

ಮಾರ್ಚ್ ಅಮಾವಾಸ್ಯೆಯ ರಾತ್ರಿ ತದಡಿ ಕಡೆ ದೋಣಿ ಕಟ್ಟೆಯ ಮೇಲೆ ಟಾರ್ಚ್ ಹಿಡಿದು ಕೂತೆವು. ಪೆರಿನೇರಿಸ್‌ನಂಥ ಹುಳಗಳು ಬಲಿತಾಗ ರೂಪ ಬದಲಿಸುತ್ತವೆ. ಕಣ್ಣು ದೊಡ್ಡದಾಗುತ್ತದೆ. ಮೈಯ ಹಿಂಭಾಗದ ಕಾಲುಗಳು ಅಗಲವಾಗಿ ದೋಣಿಯ ಹುಟ್ಟಿನಂತೆ ನೀರು ತಳ್ಳುತ್ತವೆ. ಹೊಟ್ಟೆ ಕುಗ್ಗಿ ಊಟ ನಿಲ್ಲುತ್ತದೆ. ಬದುಕಿಡೀ ಬಿಲ ಬಿಡದ ಹುಳ ಆ ರಾತ್ರಿ ಮೇಲ್ನೀರಿಗೆ ಬಂದು ಈಜುತ್ತದೆ. ಬೆಳಕಿನ ವೃತ್ತದೊಳಗೆ ಮೊದಲು ಸಣ್ಣ ಗಂಡುಗಳು ಬಂದವು. ಬಹಳ ವೇಗ. ಕಣ್ಣಲ್ಲಿ ಹಿಂಬಾಲಿಸೋದೇ ಕಷ್ಟ. ತಡವಾಗಿ ಒಂದು ಹೆಣ್ಣು ಬಂತು, ನಿಧಾನ, ಭಾರ. ಗಂಡುಗಳು ಅದರ ಸುತ್ತ ಸುತ್ತಿದವು. ಬಿಳಿ ಹೊಗೆ ನೀರಲ್ಲಿ ಹರಡಿತು. ನಾನು ಬಲೆ ಹಾಕೋದನ್ನು ಬಿಟ್ಟು ನೋಡುತ್ತಾ ನಿಂತೆ. ತಿಂಗಳುಗಟ್ಟಲೆ ಸೂಜಿಯ ತುದಿಯಲ್ಲಿ ಅಳೆದಿದ್ದ ಮೊಟ್ಟೆ ಇದೇ ಗಳಿಗೆಗಾಗಿ ಬೆಳೆಯುತ್ತಿತ್ತು. ಆ ಸಂತೋಷಕ್ಕೆ ಬೇರೆ ಹೋಲಿಕೆ ನನಗೆ ಗೊತ್ತಿಲ್ಲ.

ಗಂಡು ಹೆಣ್ಣುಗಳು ಕತ್ತಲಲ್ಲಿ ಪರಸ್ಪರ ಗುರುತು ಹಿಡಿಯುವುದು ನೀರಿಗೆ ಬಿಡುವ ರಾಸಾಯನಿಕಗಳಿಂದ. ದಿನ ಗೊತ್ತಾಗುವುದು ಚಂದ್ರನಿಂದ. 1960ರ ಸುಮಾರಿಗೆ ಹೌಯೆನ್‌ಷಿಲ್ಡ್ ಲ್ಯಾಬಿನ ತೊಟ್ಟಿಯ ಮೇಲೆ ಮಂದ ಬಲ್ಬನ್ನು ತಿಂಗಳಲ್ಲಿ ಕೆಲವು ರಾತ್ರಿ ಉರಿಸಿ, ಪ್ಲಾಟಿನೇರಿಸ್ ಹುಳಗಳು ಆ ನಕಲಿ ಬೆಳದಿಂಗಳಿಗೆ ತಕ್ಕ ಹಾಗೆ ಬಲಿಯುವುದನ್ನು ತೋರಿಸಿದ್ದರು. ಸಮೋವಾ ದ್ವೀಪಗಳಲ್ಲಿ ಪಲೋಲೋ ಹುಳ ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಹುಣ್ಣಿಮೆ ಕಳೆದು ಸುಮಾರು ಒಂದು ವಾರಕ್ಕೆ ಮೇಲೆದ್ದು ಬರುತ್ತದೆ, ಊರಿಗೆ ಊರೇ ಬಲೆ ಹಿಡಿದು ಹೋಗಿ ಹಿಡಿದು ತಿನ್ನುತ್ತದೆ. ನಮ್ಮ ಹುಳದ್ದು ಅಷ್ಟು ದೊಡ್ಡ ಜಾತ್ರೆ ಅಲ್ಲ. ನಾನು ಅರ್ಥ ಮಾಡಿಕೊಂಡ ಪ್ರಕಾರ ಯಾವ ತಿಂಗಳು ಅನ್ನುವುದನ್ನು ಉಪ್ಪು ಹೇಳುತ್ತದೆ, ಯಾವ ರಾತ್ರಿ ಅನ್ನುವುದನ್ನು ಚಂದ್ರ ಹೇಳುತ್ತಾನೆ.

ಬಲೆಯಲ್ಲಿ ಹಿಡಿದ ಗಂಡು ಹೆಣ್ಣುಗಳನ್ನು ಗಾಜಿನ ಬಟ್ಟಲಲ್ಲಿ ಬಿಟ್ಟಾಗ ಬೆಳಗ್ಗೆ ಹೊತ್ತಿಗೆ ಮೊಟ್ಟೆಗಳು ಕಣ ಕಣವಾಗಿ ವಿಭಜಿಸಿ ಬೆಳೆಯುತ್ತಿದ್ದವು. ಒಂದು ದಿನ ಕಳೆಯುವ ಮುಂಚೆ ರೋಮ ಬೀಸಿ ಈಜುವ ಮರಿ ಸಿದ್ಧ. ಇನ್ನು ಕೆಲವು ದಿನಕ್ಕೆ ಮೂರು ಉಂಗುರ, ಮೂರು ಜೊತೆ ಬಿರುಗೂದಲು. ಈ ಮರಿಗಳನ್ನು ಬೇರೆ ಬೇರೆ ಉಪ್ಪಿನ ನೀರಲ್ಲಿ ಇಟ್ಟು ನೋಡಿದೆವು. ಅರ್ಧ ಉಪ್ಪಿನ ನೀರಲ್ಲಿ ಚೆನ್ನಾಗಿ ಬದುಕಿದವು. ಹೊಳೆಯ ಮಳೆಗಾಲದ ನೀರಿನಷ್ಟು ಸಪ್ಪೆ ಮಾಡಿದಾಗ ಊದಿ ತಳ ಸೇರಿದವು. ದೊಡ್ಡ ಹುಳ ತಡೆದುಕೊಳ್ಳುವ ಸಿಹಿನೀರನ್ನು ಮರಿ ತಡೆಯುವುದಿಲ್ಲ. ಹಾಗಾಗಿಯೇ ಮಳೆ ಬರುವ ಮುಂಚೆ ಮರಿ ಹುಟ್ಟಿ, ಬೆಳೆದು, ಕೆಸರಿನೊಳಗೆ ಬಿಲ ಹಿಡಿದಿರಬೇಕು. ಕ್ಯಾಲಿಫೋರ್ನಿಯಾದ ಹೊಳೆಬಾಯಿಗಳಲ್ಲಿ ಇದೇ ಕುಟುಂಬದ ಒಂದು ಹುಳ ಈ ತೊಂದರೆಗೆ ಬೇರೆ ದಾರಿ ಕಂಡುಕೊಂಡಿದೆ: ಅದು ಮರಿಗಳನ್ನು ತನ್ನ ಹೊಟ್ಟೆಯೊಳಗೇ ಬೆಳೆಸಿ ಹೊರಗೆ ಬಿಡುತ್ತದೆ.

ಜೂನ್ ಮೊದಲ ಮಳೆ ಸುರಿದ ಮೇಲೆ ಹೊಳೆಯ ಬಣ್ಣ ಬದಲಾಯಿತು. ದೀವಗಿ ಕಡೆ ಹರಿವು ಎಷ್ಟು ಜೋರು ಅಂದರೆ ದೋಣಿ ನಿಲ್ಲಿಸೋಕೆ ಇಬ್ಬರು ಬೇಕು. ರೇನ್‌ಕೋಟ್ ಹಾಕಿದರೂ ಒಳಗೆ ಬೆವರಿ ಒದ್ದೆ. ನೋಟ್‌ಬುಕ್ಕಿನ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಆ ಎರಡು ತಿಂಗಳು, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಬೋಟುಗಳಿಗೆ ಸಮುದ್ರದ ಮೀನುಗಾರಿಕೆ ನಿಷೇಧ. ತದಡಿ ಬಂದರಿನಲ್ಲಿ ಬೋಟುಗಳೆಲ್ಲ ದಡಕ್ಕೆ ಕಟ್ಟಿ ನಿಂತಿದ್ದವು. ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದ ಅಂಬಿಗ ಅಣ್ಣ ಮೋಡ ನೋಡಿ ಬೇಡ ಅಂದ ದಿನ ವಾಪಸ್ ಬಂದು ಮರುದಿನ ಹೋಗುತ್ತಿದ್ದೆವು.

ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರಿಗೆ ಮೇಲ್ನೀರಿನ ಹನಿ ಹಾಕಿದರೆ ಗೆರೆ ಸೊನ್ನೆಯಿಂದ ಮೇಲೇಳುತ್ತಿರಲಿಲ್ಲ. ಈ ನೀರಲ್ಲಿ ಕಡಲ ಹುಳ ಬದುಕಿರೋದು ಹೇಗೆ? ಮೇಲಿನ ಜಾಗದಲ್ಲಿ ನಿಜಕ್ಕೂ ಹೆಚ್ಚುಕಡಿಮೆ ಏನೂ ಸಿಗಲಿಲ್ಲ. ಆದರೆ ನಡುವಿನ ಕೆಸರು ಬಯಲಲ್ಲಿ ಆಳಕ್ಕೆ ತೋಡಿದಾಗ ಸಪೂರ ಹುಳಗಳು ಬದುಕಿದ್ದವು. ಆಗ ಗೈಡ್ ಒಂದು ಮಾತು ಹೇಳಿದರು: ಹುಳ ಇರುವ ನೀರನ್ನು ಅಳೆಯಮ್ಮ, ದೋಣಿ ಇರುವ ನೀರನ್ನಲ್ಲ. ಕೆಸರಲ್ಲಿ ಸಣ್ಣ ಗುಂಡಿ ತೋಡಿ, ಮೇಲ್ನೀರು ಒಳಗೆ ನುಗ್ಗದ ಹಾಗೆ ಪ್ಲಾಸ್ಟಿಕ್ ಕೊಳವೆ ಒತ್ತಿ, ಮಣ್ಣಿನಿಂದ ಜಿನುಗುವ ನೀರಿಗಾಗಿ ಕಾಯಬೇಕು. ಜಿಗುಟು ಕೆಸರಲ್ಲಿ ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಜಿನುಗಿದ ಹನಿಯನ್ನು ಗಾಜಿಗೆ ಹಾಕಿ ಕಣ್ಣಿಗೆ ಹಿಡಿದಾಗ ಗೆರೆ ಸ್ಪಷ್ಟವಾಗಿ ಮೇಲೆ ನಿಂತಿತ್ತು. ಉಪ್ಪು ಇತ್ತು! ಮೇಲೆ ಸಿಹಿನೀರು ಹರಿಯುತ್ತಿದ್ದರೂ ಕೆಸರಿನ ಒಡಲಲ್ಲಿ ಬೇಸಿಗೆಯ ಉಪ್ಪು ಇನ್ನೂ ಉಳಿದಿತ್ತು. ಹೊಯಿಗೆ ಜಾಸ್ತಿ ಇದ್ದ ಕಡೆ ಉಪ್ಪು ಬೇಗ ತೊಳೆದು ಹೋಗಿತ್ತು, ಅಲ್ಲಿ ಹುಳವೂ ಇರಲಿಲ್ಲ. ಕೆಸರು ದಟ್ಟವಾಗಿದ್ದ ಕಡೆ ಎರಡೂ ಇತ್ತು.

ಆ ತಿಂಗಳುಗಳಲ್ಲಿ ಸಿಕ್ಕ ಹುಳಗಳ ಉಂಗುರದ ಅಗಲ ಮೇ ತಿಂಗಳ ಅಳತೆಗಿಂತ ಹೆಚ್ಚೇನೂ ಬೆಳೆದಿರಲಿಲ್ಲ. ದ್ರವದಲ್ಲಿ ಮೊಟ್ಟೆ ಇಲ್ಲ. ಅಕ್ಟೋಬರಿನಲ್ಲಿ ನಾನು ಮೊದಲ ಸಲ ಕಂಡ ಸಪೂರ ಹುಳಗಳು ಹಿಂದಿನ ಬೇಸಿಗೆಯ ಮಕ್ಕಳು ಅಂತ ಆಗ ಖಾತ್ರಿಯಾಯಿತು. ಮಳೆಗಾಲದ ಮನೆಗಳನ್ನು ಖಾಲಿ ಬಿಟ್ಟಿದ್ದರೆ ಅವುಗಳನ್ನು ಮಳೆ ಮುಗಿದ ಮೇಲೆ ಹುಟ್ಟಿದ ಮರಿಗಳು ಅಂತ ಬರೆಯುವ ಸಾಧ್ಯತೆ ಇತ್ತು. ಆಗ ಸಂತಾನದ ಕಾಲ ಆರು ತಿಂಗಳು ಆಚೀಚೆ ಆಗುತ್ತಿತ್ತು.

ಇದು ಸುಮ್ನೆ ಪದವಿಗಾಗಿ ಮಾಡುವ ಲೆಕ್ಕ ಅಂತ ಕೆಲವರಿಗೆ ಅನಿಸಬಹುದು. ನನಗೆ ಹಾಗಲ್ಲ. ಸೀಗಡಿ ಮರಿ ತಯಾರಿಸುವ ಹ್ಯಾಚರಿಗಳು ತಾಯಿ ಸೀಗಡಿಗೆ ಪಾಲಿಕೀಟ್ ತಿನ್ನಿಸುತ್ತವೆ, ಅದರಲ್ಲಿರುವ ಕೊಬ್ಬಿನಾಮ್ಲಗಳಿಂದ ಮೊಟ್ಟೆ ಚೆನ್ನಾಗಿ ಬಲಿಯುತ್ತದೆ. ಆಂಧ್ರ, ತಮಿಳುನಾಡಿನ ಕರಾವಳಿಯಲ್ಲಿ ಇದಕ್ಕಾಗಿ ಹುಳ ಅಗೆದು ಮಾರುವವರಿದ್ದಾರೆ. ಕಾಡು ಹುಳದ ಜೊತೆ ಸೀಗಡಿಯ ಬಿಳಿಚುಕ್ಕೆ ರೋಗದ ವೈರಸ್ ಬರುವ ಅಪಾಯವೂ ಇದೆ. ದಪ್ಪ ಹುಳಕ್ಕೆ ಬೆಲೆ ಜಾಸ್ತಿ. ದಪ್ಪ ಹುಳ ಸಿಗುವುದು ಮೊಟ್ಟೆ ಇಡುವ ಮುಂಚಿನ ವಾರಗಳಲ್ಲಿ. ಜೀವನದಲ್ಲಿ ಒಂದೇ ಸಲ ಹೆರುವ ಪ್ರಾಣಿಯನ್ನು ಆ ವಾರಗಳಲ್ಲಿ ಅಗೆದರೆ ಮುಂದಿನ ವರ್ಷಕ್ಕೆ ಉಳಿಯುವುದು ಏನು? ಮೀನಿಗೆ ರಜೆಯ ತಿಂಗಳು ಕೊಟ್ಟ ಹಾಗೆ ಈ ಕೆಸರು ಬಯಲಿಗೂ ಕೊಡಬೇಕು ಅಂತ ನನ್ನ ನಂಬಿಕೆ. ಅಘನಾಶಿನಿಯಲ್ಲಾದರೆ ಅದು ಜನವರಿ ಕೊನೆಯಿಂದ ಏಪ್ರಿಲ್ ತನಕ. ಮೀನಿನ ನಿಷೇಧದ ತಿಂಗಳುಗಳು ಹುಳಕ್ಕೆ ಉಪಯೋಗವಿಲ್ಲ, ಆಗ ಅದರ ಹೆರಿಗೆ ಮುಗಿದಿರುತ್ತದೆ.

ಇದಕ್ಕಿಂತ ದೊಡ್ಡ ಆತಂಕ ಹೊಳೆಯದ್ದೇ. ಅಘನಾಶಿನಿಯ ನೀರನ್ನು ತಡೆದು ಬೇರೆ ಕಡೆ ತಿರುಗಿಸುವ ಪ್ರಸ್ತಾಪಗಳು ಆಗಾಗ ಬರುತ್ತವೆ. ಸಮುದ್ರಕ್ಕೆ ಸುಮ್ಮನೆ ಹರಿದು ಹೋಗುವ ನೀರು ಅನ್ನುತ್ತಾರೆ. ಆ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಆ ನೀರು ಬರುವ ಹೊತ್ತು, ನಿಲ್ಲುವ ಹೊತ್ತು ನಂಬ್ಕೊಂಡು ಹುಳ, ಬೆಳಚು, ಗಜನಿಯ (ಉಪ್ಪುನೀರಿನ ತಗ್ಗು ಗದ್ದೆಯ) ಕಗ್ಗ ಭತ್ತ, ಅದನ್ನು ನಂಬಿದ ಮನೆಗಳು ಎಲ್ಲವೂ ನಡೆಯುತ್ತಿವೆ.

ಹೊಳೆಯ ಲಯ ಬದಲಾದರೆ ಹುಳ ಏನು ಮಾಡುತ್ತದೆ ಅಂತ ನೋಡೋಕೆ ಈಗ ಹೊನ್ನಾವರಕ್ಕೆ ಹೋಗುತ್ತಿದ್ದೇನೆ. ಶರಾವತಿ ಅಳಿವೆ ಇಲ್ಲಿಂದ ದೂರವೇನಲ್ಲ. ಅದೇ ಮಳೆ, ಅದೇ ಸಮುದ್ರ, ಅದೇ ಚಂದ್ರ. ಬೇಸಿಗೆಯಲ್ಲಿ ಬರುವ ಸಿಹಿನೀರು ಮಾತ್ರ ಬೇರೆ. ಅದೇ ಚೌಕಟ್ಟು, ಅದೇ ಎರಡು ಜರಡಿ, ಅದೇ ಹತ್ತನೇ ಉಂಗುರದ ಅಳತೆ. ಫೆಬ್ರವರಿಯ ಹುಳಗಳ ಮೊಟ್ಟೆ ಅಳೆಯುವ ಕೆಲಸ ಈ ವಾರ ಶುರುವಾಗಿದೆ. ಕೆಸರಿನೊಳಗಿನ ಉಪ್ಪನ್ನು ಈ ಸಲ ಮೊದಲ ತಿಂಗಳಿನಿಂದಲೇ ಅಳೆಯುತ್ತಿದ್ದೇವೆ.